ಮೂಲೆ ಸೈಟಿನ ಹಸಿ ಕಸ

ಸೋಲದೇವನಹಳ್ಳಿ
ಭಾನುವಾರ

ನಂದಿತಾ ಅವರಿಗೆ,

ನಿಮ್ಮ ಖಾಲಿ ಸೈಟಿನಲ್ಲಿ ಮಂಕಿ ಕ್ಯಾಪ್ ಹಾಕಿದ ಮುದುಕರೊಬ್ಬರು ಕಸ ಸುರಿಯುವ ವಿಡಿಯೋವನ್ನು ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ, ಇವರು ಯಾರೆಂದು ಕೇಳಿದ್ದಿರಿ. "ಯಾವನೋ ಹುಚ್ಚ" ಎಂದು ಒಬ್ಬರು ಬರೆದರು. "ಗೊತ್ತಿಲ್ಲ, ಇಂಥವರಿಗೆ ದಂಡ ಹಾಕಿಸಬೇಕು" ಎಂದು ನಾನು ಬರೆದೆ.

ಅವರು ನನ್ನ ತಂದೆ, ಮುನಿಶಾಮಪ್ಪ.

ಅವರು ಸುರಿಯುವುದು ನಮ್ಮ ಅಡುಗೆಮನೆಯ ಹಸಿ ಕಸ ಮಾತ್ರ. ಪ್ಲಾಸ್ಟಿಕ್ಕನ್ನೆಲ್ಲ ಆರಿಸಿ ಕಸದ ಗಾಡಿಗೇ ಕೊಡುತ್ತಾರೆ. ನಿಮ್ಮ ಸೈಟು ಮೊದಲು ನಮ್ಮ ಹೊಲವಾಗಿತ್ತು. ಮಾರಿಸಿದವನು ನಾನು. ಹಸಿ ಕಸವನ್ನೂ ಗಾಡಿಗೆ ಹಾಕಬಾರದೇ ಎಂದು ಗದರಿದರೆ, "ಗಾಡಿಗಾಕಿದ್ರೆ ಯಾರ ಒಲಕ್ಕೋಯ್ತದೋ ಏನೋ, ನಮ್ ಮಣ್ಗೇ ಬೀಳ್ಲಿ ಬುಡ್ಲಾ" ಎನ್ನುತ್ತಾರೆ.

ನಿನ್ನೆ ನನ್ನ ಮಗಳು ವೇದಾ ತನ್ನ ತಾತನಿಗೆ ಆ ವಿಡಿಯೋ ತೋರಿಸಿದಳು. "ನೋಡವ್ವ, ಆ ಮೂಲೆ ಮಣ್ಣು ಎಂಗ್ ಕಪ್ಪಗಾಗೈತೆ!" ಎಂದು ಖುಷಿಪಟ್ಟರು. ಜನ ಏನು ಬರೆದಿದ್ದಾರೆ ಓದು ಎಂದರು. ಹುಚ್ಚ ಎಂಬುದಕ್ಕೆ ನಕ್ಕರು. ನನ್ನ ಹೆಸರು ಬಂದಾಗ ವೇದಾ ನನ್ನತ್ತ ನೋಡಿ, "ಅಷ್ಟೇ ತಾತ, ಮುಗೀತು" ಎಂದು ಫೋನ್ ಎತ್ತಿಟ್ಟಳು. ಆಮೇಲೆ ಅವಳು ನನ್ನೊಂದಿಗೆ ಮಾತಾಡಿಲ್ಲ.

ನಾಳೆ ನಾನೇ ಬಂದು ಸೈಟನ್ನು ಶುಚಿ ಮಾಡುತ್ತೇನೆ. ದಂಡವಿದ್ದರೆ ನನ್ನ ಹೆಸರಿಗೆ ಬರೆಸಿ. ಅಪ್ಪ ಮತ್ತೆ ಅಲ್ಲಿಗೆ ಬಂದರೆ ದಯವಿಟ್ಟು ಗದರದೆ ನನಗೆ ಫೋನ್ ಮಾಡಿ.

ವಿಡಿಯೋವನ್ನು ಮಾತ್ರ ಈಗಲೇ ತೆಗೆಯಬೇಡಿ. ಅವರು ಯಾರೆಂದು ನಾನು ಅದರ ಕೆಳಗೆ, ಎಲ್ಲರೂ ಓದುವ ಹಾಗೆ, ಬರೆಯಬೇಕಿದೆ.

ಇಂತಿ,
ಅಶ್ವತ್ಥ್