ಗಲ್ಲದ ಮೇಲಿನ ಬೆರಳು

ಕಪ್ಪತಗುಡ್ಡದ ಒಳಊರು
ಮೂರನೇ ಬೇಸಿಗೆಯ ನಡುವಾರ, ೨೩೮೬

ನಮ್ಮ ಮನೆತನದ ಹಿರಿಯವ್ವ ನೀಲಗಂಗವ್ವನವರಿಗೆ ಶರಣಾಂಬೆಯ ನಮಸ್ಕಾರಗಳು.

ನಿಮ್ಮ ಕಾಲದ ಕನ್ನಡ ನಾನು ಓದಿ ಕಲಿತದ್ದು. ಎಲ್ಲಾದರೂ ಮಾತು ವಿಚಿತ್ರವೆನಿಸಿದರೆ, ಕೂಸು ತೊದಲಿತೆಂದು ಹೊಟ್ಟೆಗೆ ಹಾಕಿಕೊಳ್ಳಿ. ಮೊನ್ನೆ ಕಂಡದ್ದರ ಆಘಾತದಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ.

ಹೊರಗಿನ ಬಿಸಿಲು ತಾಳಲಾರದೆ ನಾವು ಗುಡ್ಡದ ಹೊಟ್ಟೆಯೊಳಗೆ ಊರು ಕಟ್ಟಿಕೊಂಡು ಏಳು ತಲೆಮಾರಾಯಿತು. ಜೋಳ ದೀಪದ ಬೆಳಕಿನಲ್ಲಿ ಬೆಳೆಯುತ್ತದೆ. ರೊಟ್ಟಿಯನ್ನು ಮಾತ್ರ ಇಂದಿಗೂ ಕೈಯಲ್ಲೇ ಬಡಿಯುತ್ತೇವೆ; ನಮ್ಮ ಓಣಿಗೆಲ್ಲ ಬಡಿಯುವವಳು ನಾನೇ. ಇಲ್ಲಿಗೆ ಬಂದ ಹೊಸತರಲ್ಲಿ ಎದ್ದ ಮಹಾಜ್ವರ ಕೈಯಿಂದ ಮುಖಕ್ಕೆ ಹತ್ತುತ್ತಿತ್ತಂತೆ. ಅಂದಿನಿಂದ ಮೊಗಮಡಿ ಬಂತು: ಯಾರೂ ತಮ್ಮ ಮುಖವನ್ನು ಕೈಯಿಂದ ಮುಟ್ಟಬಾರದು, ಯಾರದಾದರೂ ಕೈ ಮುಖದತ್ತ ಎದ್ದರೆ ಎದುರಿದ್ದವರು ತಲೆ ತಗ್ಗಿಸಬೇಕು. ಮೂಗು ತುರಿಸಿದರೆ ಗೋಡೆಯ ಬ್ರಷ್ಷಿಗೆ ಉಜ್ಜಿಕೊಳ್ಳುತ್ತೇವೆ, ಎಮ್ಮೆಯ ಹಾಗೆ. ನಗಬೇಡಿ. ಜ್ವರ ಹೋಯಿತು, ಮಡಿ ಉಳಿಯಿತು.

ನಮ್ಮ ವಂಶದ ಹೆಣ್ಣುಮಕ್ಕಳಿಗೆ ನಡುವಯಸ್ಸಿನಲ್ಲಿ ಕುತ್ತಿಗೆ ತಾನಾಗಿ ಎಡಕ್ಕೆ ತಿರುಚಿಕೊಳ್ಳುತ್ತದೆ. ನಿಮ್ಮ ಕಾಲದಲ್ಲಿ ಅದನ್ನು ಡಿಸ್ಟೋನಿಯಾ ಎನ್ನುತ್ತಿದ್ದರಂತೆ. ತಿರುಚಿದಾಗಲೆಲ್ಲ ಬಲಗೈ ಗಲ್ಲದ ಕಡೆ ಏಳುತ್ತದೆ. ನಮ್ಮವರು ಆ ಕೈಯನ್ನೇ ರೋಗದ ಬೇರೆಂದು ತಿಳಿದರು. ಅಜ್ಜಿ ಅತ್ತುಕೊಂಡೇ ಅವ್ವನಿಗೆ ಮುಚ್ಚುತೋಳು ಹೊಲಿದಳು. ಅಂದರೆ ತುದಿಯನ್ನು ಸೊಂಟಕ್ಕೆ ಸೇರಿಸಿ ಹೊಲಿದ ಕುಪ್ಪಸದ ಬಲತೋಳು. ಅವ್ವ ಸಾಯುವವರೆಗೂ ಹೆಗಲ ಮೇಲಿಂದಲೇ ಲೋಕ ನೋಡಿದಳು. ಈಗ ನನ್ನ ಸರದಿ ಬಂದಿತ್ತು. ನಾಳೆ ನನ್ನನ್ನು ನೆಮ್ಮದಿಗೂಡಿಗೆ ಒಯ್ದು, ಮಿದುಳಿನಲ್ಲಿ ಬಲಗೈ ಆಡಿಸುವ ಜಾಗವನ್ನು ಶಾಶ್ವತವಾಗಿ ಮಲಗಿಸುವವರಿದ್ದರು. ಆಮೇಲೆ ರೊಟ್ಟಿಯ ಮಾತೇ ಇಲ್ಲ.

ಮೊನ್ನೆ ಮನೆತನದ ಹಳೆಯ ದಾಖಲೆಗಳಲ್ಲಿ ನಿಮ್ಮ ಮಗಳ ಮದುವೆಯ ವಿಡಿಯೋ ಸಿಕ್ಕಿತು. ಪಂಕ್ತಿಯಲ್ಲಿ ಕುಳಿತ ನೀವು ಗಲ್ಲಕ್ಕೆ ಬೆರಳಿಟ್ಟುಕೊಂಡಿದ್ದಿರಿ. ಅಷ್ಟು ಜನರ ಎದುರು! ರೂಢಿಯಂತೆ ತಲೆ ತಗ್ಗಿಸಿದೆ. ಆಗ ಯಾರೋ ಹೆಂಗಸು, “ನೀಲಗಂಗಕ್ಕ, ಕೈ ತಗೀ ಒಂದೀಟು, ಮಾರಿ ಕಾಣವಲ್ದು” ಎಂದಳು. ನೀವು ನಕ್ಕಿರಿ: “ಕೈ ತಗದ್ರ ಕುತ್ತಿಗಿ ಓಡಿ ಹೋಗತೈತಿ ನೋಡವಾ.” ತಲೆ ಎತ್ತಿದೆ. ಬೆರಳು ತೆಗೆದಿರಿ, ಕುತ್ತಿಗೆ ಎಡಕ್ಕೆ ಹೋಯಿತು. ಇಟ್ಟಿರಿ, ನೆಟ್ಟಗಾಯಿತು.

ಬಾಗಿಲು ಹಾಕಿ, ಇಷ್ಟು ದಿನ ಏಳುವ ಮೊದಲೇ ಅದುಮಿ ಹಿಡಿಯುತ್ತಿದ್ದ ಕೈಯನ್ನು ಎತ್ತಿದೆ. ಬೆರಳು ಗಲ್ಲಕ್ಕೆ ತಾಗುವ ಮೊದಲೇ ಕುತ್ತಿಗೆ ನೇರವಾಯಿತು. ತಾಗುವ ಮೊದಲೇ, ಹಿರಿಯವ್ವಾ. ವೈದ್ಯ ಮರುಳಯ್ಯನವರನ್ನು ಕರೆದು, ತಲೆ ತಗ್ಗಿಸಬೇಡಿ ಎಂದು ಬೇಡಿಕೊಂಡು ತೋರಿಸಿದೆ. ಅವರು ನಿಮ್ಮ ಕಾಲದ ವೈದ್ಯಗ್ರಂಥಗಳನ್ನು ತೆಗೆದು ಓದಿ ಹೇಳಿದರು. ಮೈ ಎಲ್ಲಿದೆ, ಹೇಗಿದೆ ಎಂಬ ಸುದ್ದಿಯನ್ನು ಮಿದುಳು ಈ ರೋಗದಲ್ಲಿ ಸರಿಯಾಗಿ ಹೊಂದಿಸಿಕೊಳ್ಳುವುದಿಲ್ಲವಂತೆ. ಬೆರಳಿನ ಸ್ಪರ್ಶ, ಕೆಲವೊಮ್ಮೆ ಬರಿಯ ಕೈ ಏಳುವ ಸುದ್ದಿಯೇ, ಅದನ್ನು ಕ್ಷಣಕಾಲ ಸರಿದಾರಿಗೆ ತರುತ್ತದಂತೆ. ಹೇಗೆಂಬುದು ನಿಮ್ಮ ಕಾಲದವರಿಗೂ ಪೂರ್ತಿ ತಿಳಿದಿರಲಿಲ್ಲವಂತೆ. ಇದು ರೋಗ ಕಳೆಯುವ ಮದ್ದಲ್ಲ. ಆದರೆ ಆ ಕೈ ರೋಗವಾಗಿರಲಿಲ್ಲ, ರೋಗಕ್ಕೆ ಅಡ್ಡ ನಿಂತದ್ದಾಗಿತ್ತು. ಇಷ್ಟು ಕಾಲ ನಾವೆಲ್ಲ ಮರ್ಯಾದೆಯಿಂದ ನೆಲ ನೋಡುತ್ತಿದ್ದೆವು.

ಮರುಳಯ್ಯನವರು ನಾಳೆಯದನ್ನು ನಿಲ್ಲಿಸಿದ್ದಾರೆ. ನನ್ನ ಕೈ ಉಳಿಯಿತು. ಅದನ್ನು ನೋಡಿದಾಗಲೆಲ್ಲ ಅವ್ವನ ಹೊಲಿದ ತೋಳು ನೆನಪಾಗುತ್ತದೆ.

ಒಂದು ಬೇಡಿಕೆ. ಆ ಬೆರಳಿನ ಮಾತನ್ನು ತಮಾಷೆಗೆ ಬಿಡಬೇಡಿ. ಮಗಳನ್ನು ಎದುರು ಕೂರಿಸಿಕೊಂಡು ಹೇಳಿ. ಅವಳು ತನ್ನ ಮಗಳಿಗೆ ಹೇಳಲಿ. ಅಜ್ಜಿ ಸೂಜಿಗೆ ದಾರ ಪೋಣಿಸುವ ಮುಂಚೆ ಆ ಮಾತು ನನ್ನ ಅವ್ವನನ್ನು ಮುಟ್ಟಲಿ.