ವಾರಕ್ಕೆ ಒಂದೇ ಸಾಲು

ಮಾರ್ಚ್ 3, ಸಂಜೆ

ಇವತ್ತೂ ಇಲಾಖೆಯಲ್ಲಿ ಡೇಟಾ ತೊಳೆಯುವ ಕೆಲಸವೇ. ಸರ್ಕಾರಿ ಆಸ್ಪತ್ರೆಗಳಿಂದ ಬಂದ ಎರಡು ಲಕ್ಷ ಸಾಲು. ನೆಗಡಿಗೆಂದು ಒಮ್ಮೆ ಬಂದವನಿಗೆ ಚೀಟಿ ಕೌಂಟರ್‌ನಲ್ಲಿ ಒಂದು ಎಂಟ್ರಿ, ಔಷಧಿ ಕೌಂಟರ್‌ನಲ್ಲಿ ಇನ್ನೊಂದು — ಅದೂ ಎರಡು ದಿನ ತಡವಾಗಿ. ಎಲ್ಲ ಎಣಿಸಿದರೆ ಉಚಿತ ಚಿಕಿತ್ಸೆ ಯೋಜನೆಯ ಅಂದಾಜು ಖರ್ಚು ಆಕಾಶಕ್ಕೇರುತ್ತದೆ. ನಾನೇ ಒಂದು ರೂಲ್ ಹಾಕಿದೆ: ಒಂದೇ ರೋಗಿಯ ಕಾರ್ಡ್ ನಂಬರ್ ಒಂದು ವಾರದಲ್ಲಿ ಎಷ್ಟು ಸಲ ಕಂಡರೂ ಒಂದೇ ಸಾಲು. ಅರ್ಧ ಕಸ ಹೋಯಿತು. ನಿರ್ದೇಶಕರು ಬೆನ್ನು ತಟ್ಟಿದರು. ಮನೆಯಲ್ಲಿ ಹೇಳಿದರೆ ಹೆಂಡತಿ, “ಮನೇಲಿ ಒಂದು ದಿನಾನೂ ಪೊರಕೆ ಹಿಡೀಲಿಲ್ಲ, ಆಫೀಸಲ್ಲಿ ಗುಡಿಸ್ತಾರಂತೆ!”

ಮಾರ್ಚ್ 10

ಉಚಿತ ಚಿಕಿತ್ಸೆಗಳ ಪಟ್ಟಿಗೆ ಸಹಿ ಬಿತ್ತು. ಯಾವ ಚಿಕಿತ್ಸೆ, ತಿಂಗಳಿಗೆ ಹೆಚ್ಚೆಂದರೆ ಎಷ್ಟು ಸಲ, ಎಷ್ಟು ಖರ್ಚು — ಎಲ್ಲ ನನ್ನ ಟೇಬಲ್‌ನಿಂದಲೇ. ಏಪ್ರಿಲ್ ಒಂದರಿಂದ ಜಾರಿ. ಖುಷಿ, ಸುಳ್ಳೇಕೆ.

ಏಪ್ರಿಲ್ 15, ಸಂಜೆ

ಹೆಂಡತಿ ಡಯಾಲಿಸಿಸ್ ವಾರ್ಡಿನ ನರ್ಸ್. ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತಳು.

“ನಮ್ಮ ಪರದೆ ಹೊಲ್ಕೊಟ್ಟ ಟೇಲರ್ ಇದಾರಲ್ಲ, ವಾಪಸ್ ಕಳಿಸಿದ್ವಿ. ಕಾರ್ಡ್ ಇಟ್ರೆ ಕೆಂಪು ದೀಪ. ಈ ತಿಂಗಳ ನಾಲ್ಕು ಮುಗೀತಂತೆ. ವಾರಕ್ಕೆ ಎರಡು ಸಲ ರಕ್ತ ಶುದ್ಧಿ ಆಗ್ಬೇಕಾದೋರಿಗೆ ತಿಂಗಳಿಗೆ ನಾಲ್ಕೇನ್ರೀ? ಯಾವ ಪುಣ್ಯಾತ್ಮ ಬರೆದಿದ್ದು?”

“ಸಮಿತಿ…” ಎಂದೆ.

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಊಟ ಸೇರಲಿಲ್ಲ.

ಏಪ್ರಿಲ್ 16, ಬೆಳಿಗ್ಗೆ 8

ಹಳೆಯ ಫೈಲ್ ತೆಗೆದೆ. ಮಂಗಳವಾರ ಬಂದವರೇ ಶುಕ್ರವಾರವೂ ಬಂದಿದ್ದಾರೆ. ನನ್ನ ರೂಲ್ ಶುಕ್ರವಾರವನ್ನು ನುಂಗಿದೆ. ಪ್ರತಿ ವಾರ. ಎಲ್ಲ ಕೇಂದ್ರಗಳಲ್ಲೂ. ಎಂಟಾಗಬೇಕಾದ್ದು ಪಟ್ಟಿಯಲ್ಲಿ ನಾಲ್ಕಾಗಿದೆ.

ಅದೇ ದಿನ, 11.30

ನಿರ್ದೇಶಕರಿಗೆ ತೋರಿಸಿದೆ. ಬಾಗಿಲು ಹಾಕಿದರು. “ಆದೇಶ ಆಗೋಗಿದೆ. ಸೆಪ್ಟೆಂಬರ್‌ನಲ್ಲಿ ಪರಿಷ್ಕರಣೆ ಇದೆಯಲ್ಲ, ಆಗ ಸರಿಮಾಡೋಣ. ಸುಮ್ನಿರಲಾರದೆ ಇರುವೆ ಬಿಟ್ಕೋಬೇಡ್ರಿ.”

ಸೆಪ್ಟೆಂಬರ್! ಟೇಲರ್‌ಗೆ ಐದು ದಿನ ತಳ್ಳುವುದೂ ಕಷ್ಟ.

ಏಪ್ರಿಲ್ 17, ಬೆಳಿಗ್ಗೆ

ಹೆಂಡತಿಗೆ ಹೇಳಿಬಿಟ್ಟೆ. ಸಮಿತಿಯಲ್ಲ, ನಾನು. ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ — ಅದೇ ಭಯವಾಯಿತು. ಟೇಲರ್‌ಗೆ ಕಾಲು ಊದಿದೆಯಂತೆ, ಮಲಗಿದರೆ ಉಸಿರು ಕಟ್ಟುತ್ತದಂತೆ.

“ಕಾಗದ ತಗೊಳ್ಳಿ. ತಪ್ಪು ನಂದು ಅಂತ ಮೊದಲನೇ ಸಾಲಲ್ಲೇ ಬರೀರಿ. ಇಲಾಖೆ ಕಾರ್ಯದರ್ಶಿಗೇ ಕೊಡಿ.”

“ಕೆಲಸ ಹೋದ್ರೆ?”

“ನಂದಿದೆಯಲ್ಲ.”

ಏಪ್ರಿಲ್ 19

ನಿನ್ನೆ ಮೂರು ಗಂಟೆ ಹೊತ್ತು ಕಾರ್ಯದರ್ಶಿಗಳ ಬಾಗಿಲಲ್ಲಿ ನಿಂತೆ. ಪತ್ರವನ್ನು ಎರಡು ಸಲ ಓದಿದರು. ಇವತ್ತು ಬೆಳಿಗ್ಗೆ ಮಿತಿ ತೆಗೆದರು. ನನಗೆ ನೋಟಿಸ್. ಇರಲಿ. ಟೇಲರ್‌ಗೆ ಹಸಿರು ದೀಪ ಬಂತು, ಮೆಷೀನಿಗೆ ಹಾಕಿದ್ದೇವೆ ಎಂದು ಹೆಂಡತಿ ಫೋನ್ ಮಾಡಿದಳು. ಆಫೀಸಿನ ಮೆಟ್ಟಿಲ ಮೇಲೆಯೇ ಕೂತು ಅತ್ತೆ.

ಏಪ್ರಿಲ್ 21, ಮಧ್ಯಾಹ್ನ

ಚಿಕಿತ್ಸೆ ಸಿಗದೆ ವಾಪಸ್ ಹೋದವರು ಎಷ್ಟು ಎಂದು ಕಾರ್ಯದರ್ಶಿ ಕೇಳಿದ್ದಾರೆ. ಸಿಸ್ಟಮ್‌ನಲ್ಲಿ ಉತ್ತರವಿಲ್ಲ. ಚಿಕಿತ್ಸೆ ಕೊಟ್ಟರೆ ಸಾಲು, ಕೊಡದಿದ್ದರೆ ಏನೂ ಇಲ್ಲ. ಹಾಗಾಗಿ ಒಂದೊಂದೇ ಕೇಂದ್ರಕ್ಕೆ ಫೋನ್ ಮಾಡಿ ಕೈಯಲ್ಲೇ ಬರೆದುಕೊಳ್ಳುತ್ತಿದ್ದೇನೆ, ಈ ಪುಸ್ತಕದಲ್ಲೇ.

ಮೊದಲ ಕೇಂದ್ರ — ಆರು ಜನ, ಆರೂ ಮತ್ತೆ ಚಿಕಿತ್ಸೆಗೆ ಬಂದಿದ್ದಾರೆ.
ಎರಡನೆಯದು — ಒಂಬತ್ತು. ಒಂಬತ್ತೂ.
ಮೂರನೆಯದು — ಹನ್ನೊಂದು. ನರ್ಸ್ ಹುಡುಗಿ ನಿಧಾನವಾಗಿ ಎಣಿಸಿದಳು. “ಹತ್ತು ಜನ ಬಂದ್ರು ಸರ್.”

ಇನ್ನೊಬ್ಬರು ಎಂದೆ.

“ಅವರ ಮಗಳು ಬಂದಿದ್ರು ಸರ್, ಇನ್ನು ಬೇಕಾಗಲ್ಲ ಅಂತ ಕಾರ್ಡ್ ವಾಪಸ್ ಕೊಡೋಕೆ. ನಂಬರ್ ಹೇಳ್ತೀನಿ, ಬರ್ಕೊಳ್ಳಿ.”

ನಾಲ್ಕು, ಸೊನ್ನೆ, ಏಳು, ಏಳು,