ಕಡಲೊಳಗಿನ ಗಡಿಕಲ್ಲು

ಆಲ್ಡರ್ಸಿ, ಇಂಗ್ಲೆಂಡ್

ಅಕ್ಕಾ,

ಪ್ರತಿ ಮೇ ತಿಂಗಳಲ್ಲಿ ಊರವರೆಲ್ಲ ಗಡಿ ಸುತ್ತಿ, ಒಂದೊಂದು ಗಡಿಕಲ್ಲಿಗೂ ಕೋಲಿನಿಂದ ಹೊಡೆಯುವುದು ನಮ್ಮಲ್ಲಿ ವಾಡಿಕೆ. ಮೂಡಣ ಕಲ್ಲನ್ನು ಹಳೇ ಚರ್ಚಿನ ಸಮೇತ ಕಡಲು ನುಂಗಿ ನೂರು ವರ್ಷವಾಯಿತು. ಆದರೂ ದೋಣಿಯಲ್ಲಿ ಹೋಗಿ ಆ ಜಾಗದ ನೀರಿಗೇ ಹೊಡೆಯುತ್ತೇವೆ. ಆ ಏಟು ಮಾತ್ರ ಇಲ್ಲೇ ಹುಟ್ಟಿದವರ ಹಕ್ಕು.

ನಿನ್ನೆ ಪಕ್ಕದೂರಿನ ನಾರ್ಮನ್ ತನ್ನ ದೋಣಿಯಿಂದ, "ಅದೀಗ ಮೀನುಗಳ ಊರು, ಬಿಟ್ಬಿಡಿ" ಎಂದು ಕೆಣಕಿದ. "ಹಾಗಾದ್ರೆ ಮೀನೂ ನಮ್ಮೂರಿಂದೇ, ನಿನ್ನ ಬಲೆ ಎತ್ಕೊಂಡು ನಡಿ" ಎಂದರು ಊರಿಗೇ ಹಿರಿಯರಾದ ನಮ್ಮ ವಿನಿಫ್ರೆಡ್ ಅಜ್ಜಿ. ಆಮೇಲೆ ಕೋಲನ್ನು ನನ್ನ ಕೈಗಿಟ್ಟು, "ಹದಿನೆಂಟು ವರ್ಷದಿಂದ ನೋಡ್ತಾ ಕೂತಿದ್ದೀಯ, ಇವತ್ತು ನೀನೇ ಹೊಡಿ" ಎಂದರು. ಹೊಡೆದೆ.

ಸಿಡಿದ ನೀರಲ್ಲಿ ನೆನೆದು ನೆಗಡಿಯಾಗಿದೆ, ಮೆಣಸಿನ ಸಾರು ಕುಡಿಯುತ್ತಿದ್ದೇನೆ. ಇನ್ನು ಮೇಲೆ ವಿಳಾಸದಲ್ಲಿ ನನ್ನ ಗಂಡನ ಕೇರಾಫ್ ಹಾಕಬೇಡ. ವಾರಿಜಾ, ಆಲ್ಡರ್ಸಿ ಎಂದಿದ್ದರೆ ಸಾಕು, ಬಂದು ಮುಟ್ಟುತ್ತದೆ.